ಹಿತ್ತಲಿನ ತಗ್ಗು

ಎರೆಮಣ್ಣಿನ ಮೇಲೆ ಮನೆ ಕಟ್ಟಿಸಿದವರಿಗೆ ಬೇಸಿಗೆಯಲ್ಲೊಂದು ಮನೆ, ಮಳೆಗಾಲದಲ್ಲೊಂದು ಮನೆ! ಹುಬ್ಬಳ್ಳಿ ದಾಟಿ ನವಲಗುಂದದ ಕಡೆ ಹೋದವರು ನೋಡಿರ್ತೀರಿ... ಮಳೆ ಬಂದರೆ ಉಬ್ಬುವ ಮಣ್ಣು, ಬಿಸಿಲಿಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ನಮ್ಮ ಮನೆ ಇರೋದು ಅಂಥ ಮಣ್ಣಿನ ಮೇಲೇ. ಅಪ್ಪ ರಿಟೈರ್ ಆದಾಗ ಬಂದ ದುಡ್ಡೆಲ್ಲ ಅದರಲ್ಲೇ ಇದೆ.

ಗೋಡೆಗುಂಟ ಸುತ್ತಲೂ ಹಾಕಿದ್ದ ಕಾಂಕ್ರೀಟು ಹಿತ್ತಲ ಕಡೆ ಎರಡಿಂಚು ಕುಸಿದಿತ್ತು. ಹೋದ ಮಳೆಗಾಲದಲ್ಲಿ ಅವ್ವ ಅಲ್ಲೇ ಜಾರಿ ಬಿದ್ದಳು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ. ಆದರೆ ನನಗೆ ಅದಕ್ಕಿಂತ ಹೆದರಿಕೆ ಆಗಿದ್ದು ಅಡುಗೆಮನೆ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಇಳಿದಿದ್ದ ಹೊಸ ಬಿರುಕು ನೋಡಿ.

"ಏನಾಗೂದಿಲ್ಲ ಬಿಡೋ, ಮ್ಯಾಲೊಂದು ಗಿಲಾವ್ ಹೊಡಸಿದ್ರ ಮುಗೀತು" ಅಂದರು ಅಪ್ಪ. ಗೌಂಡಿಯದೂ ಅದೇ ರಾಗ.

ಒಂದು ಬಕೆಟ್ ನೀರು ಸುರಿದೆ. ನೀರು ಹೊರಗೆ ಹರಿಯದೆ ಸೀದಾ ಗೋಡೆ ಬುಡಕ್ಕೇ ಹೋಯ್ತು. ಕಬ್ಬಿಣದ ಸರಳಿನಿಂದ ಬಡಿದರೆ ಡಬ ಡಬ ಅನ್ನುತ್ತೆ, ಅಂದರೆ ಕೆಳಗೆ ಪೊಳ್ಳು. ಪಾಯ ತೋಡಿದಾಗ ತೆಗೆದ ಮಣ್ಣನ್ನೇ ದಿಮ್ಮಸು ಹೊಡೆಯದೆ ವಾಪಸ್ ತುಂಬಿದ್ದರು. ಮೇಲೆ ಮಾಳಿಗೆಯ ನೀರಿನ ಪೈಪು ಅಲ್ಲೇ ಬಿಡ್ತಿತ್ತು! ಹೀಗೆ ಪಾಯದ ಒಂದು ಮೂಲೆ ಮಾತ್ರ ನೆನೆದು ಉಬ್ಬಿ, ಉಳಿದದ್ದು ಒಣಗಿದ್ದರೆ ಗೋಡೆ ಬಿರಿಯದೆ ಇನ್ನೇನಾಗುತ್ತೆ? ಗಿಲಾವು ಹೊಡೆದರೆ ಭಾರ ಜಾಸ್ತಿ, ಅಷ್ಟೇ.

ಡಲ್ಲಾಸ್‌ನಲ್ಲಿರುವ ಗೆಳೆಯನ ಊರಲ್ಲೂ ಇಂಥದ್ದೇ ಉಬ್ಬುವ ಮಣ್ಣು. ಅಲ್ಲಿ ಕಾಂಕ್ರೀಟಿಗೆ ಬೆರಳು ಗಾತ್ರದ ತೂತು ಕೊರೆದು, ಒಳಗೆ ಉಬ್ಬುವ ಫೋಮ್ ತುಂಬಿ ಮೇಲೆತ್ತುತ್ತಾರಂತೆ. ಹಲಗೆ ಇಡಿಯಾಗಿದ್ದರೆ ಅದು ಸರಿ. ನಮ್ಮದು ಮೂರು ತುಂಡಾಗಿತ್ತು, ಒಡೆಯಲೇಬೇಕು.

ಒಡೆಸಿದೆವು. ಸಡಿಲ ಎರೆಮಣ್ಣು ತೆಗೆದು ಗರಸು ತುಂಬಿಸಿದೆವು. ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ದಿಮ್ಮಸು. "ಸಾಹೇಬ್ರ, ನೀವು ಕಂಪ್ಯೂಟರ್ ಇಂಜಿನಿಯರ್ ಅಲ್ರೀ?" ಅಂತ ಗೌಂಡಿ ಕೇಳಿಯೇಬಿಟ್ಟ :) ಮೇಲೆ ನಾಲ್ಕಿಂಚು ಕಾಂಕ್ರೀಟು, ಮೀಟರಿಗೆ ಎರಡು ಸೆಂಟಿಮೀಟರಿನಂತೆ ಹೊರಗಿಳಿಜಾರು. ಗೋಡೆಗೆ ಅಂಟಿಸಲಿಲ್ಲ. ಅರ್ಧ ಇಂಚು ಸಂದು ಬಿಟ್ಟು ಡಾಂಬರು-ಮರಳು ತುಂಬಿದೆವು, ಇದು ಅಲುಗಿದರೂ ಗೋಡೆಯನ್ನು ಎಳೆಯಬಾರದಲ್ಲ. ಪೈಪನ್ನು ಗಟಾರದವರೆಗೂ ಒಯ್ದೆವು. ಈ ಪೈಪಿನ ಕೆಲಸ ಒಂದನ್ನಾದರೂ ಎಲ್ಲರೂ ಮಾಡಿಸಬೇಕು ಕಣ್ರೀ, ಖರ್ಚೂ ಕಡಿಮೆ.

ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ನೋಡಿದರೆ ಗೋಣಿಚೀಲ ಹೊದಿಸಿ ತಾವೇ ನೀರು ಹಾಕ್ತಾ ಇದ್ದಾರೆ!

ಅಡುಗೆಮನೆ ಬಿರುಕನ್ನು ಮುಚ್ಚಿಸಿಲ್ಲ. ಅದರ ತುದಿಗೆ ಪೆನ್ಸಿಲ್ಲಿನಿಂದ ಗೀಟು ಎಳೆದು ತಾರೀಖು ಬರೆದಿದ್ದೇನೆ. ಒಂದು ಬೇಸಿಗೆ, ಒಂದು ಮಳೆಗಾಲ ನೋಡೋಣ ಅಂತ. ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ ವರದಿ ಒಪ್ಪಿಸುತ್ತಾರೆ: "ಅಲ್ಲೇ ಐತಿ, ದಾಟಿಲ್ಲ."

ಉಳಿದಿರೋದು ಗೋಡೆಗೆ ನಾಲ್ಕೇ ಅಡಿ ದೂರದ ನುಗ್ಗೆಮರ. ಬೇಸಿಗೆಯಲ್ಲಿ ಪಾಯದ ಕೆಳಗಿನ ತೇವವನ್ನೆಲ್ಲ ಹೀರುತ್ತೆ ಅನ್ನೋದು ನನ್ನ ವಾದ. ಅವ್ವ ಕಡಿಯೋಕೆ ಬಿಡ್ತಿಲ್ಲ. ಎರೆಮಣ್ಣಿನ ಕಡೆಯವರು ಯಾರಾದರೂ ಇದ್ದರೆ ಹೇಳಿ, ನೀವೇನು ಮಾಡಿದ್ರಿ?