ಒಣಕೊಂಬೆಯ ಕಂಚುಗಾರ

ಪಕ್ಷಿವೀಕ್ಷಣೆಗೆ ತೊಡಗಿದ ಹೊಸದರಲ್ಲಿ ನಾವು ಶಿವಡಿಯ ರಾಜಹಂಸಗಳನ್ನೇ ಕನಸು ಕಾಣುತ್ತಿದ್ದೆವು. ಶಾಲೆಯ ಅಂಗಳದ ಹಕ್ಕಿಗಳನ್ನು ಲೆಕ್ಕಕ್ಕೆ ಹಿಡಿದವರೇ ಅಲ್ಲ. ಗಣಿತದ ತರಗತಿಯಲ್ಲಿ ಕೇಳಿಬರುತ್ತಿದ್ದ ಟುಕ್ ಟುಕ್ ಸದ್ದನ್ನಂತೂ ಪಕ್ಕದ ಗಲ್ಲಿಯ ತಾಮ್ರದ ಕೆಲಸವೆಂದೇ ನಂಬಿದ್ದೆವು! ಫೆಬ್ರವರಿಯ ಒಂದು ದಿನ ಅಂಗಳದ ಮರದ ಒಣಕೊಂಬೆಯಲ್ಲಿ ಆ ಸದ್ದಿನ ಒಡೆಯನೇ ಕಾಣಿಸಿಕೊಂಡನು. ಹಸುರು ಮೈ, ಕೆಂಪು ಹಣೆ, ಹಳದಿ ಗಂಟಲು. ಕೊಕ್ಕು ತೆರೆಯದೆಯೇ ಕೂಗುತ್ತಿದ್ದನು. ಸಲೀಂ ಅಲಿಯವರು 1941ರಲ್ಲಿ ಪ್ರಕಟಿಸಿದ ಪುಸ್ತಕವನ್ನು ತಿರುವಿದೆವು. ಕಂಚುಗಾರ ಹಕ್ಕಿ! ಒಣಮರವನ್ನು ಕೊರೆದು ಗೂಡು ಮಾಡುವ ಜಾತಿ. ಎದೆ ಧಸಕ್ಕೆಂದಿತು: ಆ ಕೊಂಬೆಯನ್ನು ಮರುದಿನ ಕಡಿಸುವುದೆಂದು ನಿಶ್ಚಯವಾಗಿತ್ತು. ಅಂಜುತ್ತಲೇ ಮುಖ್ಯೋಪಾಧ್ಯಾಯರನ್ನು ಕರೆತಂದೆವು. ಅವರು ಕೊಂಬೆಯ ಕೆಳಮೈಯ ದುಂಡನೆಯ ತೂತನ್ನು ಬಹಳ ಹೊತ್ತು ದಿಟ್ಟಿಸಿ, “ಮರಿಗಳು ಹಾರಿಹೋಗಲಿ. ಅಲ್ಲಿಯವರೆಗೆ ಇದರಡಿಯಲ್ಲಿ ಯಾರೂ ಆಡಕೂಡದು” ಎಂದರು. ನಾವು ಕ್ರಿಕೆಟ್ ಆಡುತ್ತಿದ್ದ ಜಾಗ ಅದೊಂದೇ.