ಫ್ಯಾನ್ ಆಫ್ ಮಾಡಿ... ಹಾಡು ಶುರು!

ಬಿ.ಟಿ.ಎಂ. ಅಂದರೇನು ಅಂತ ಬಿ.ಟಿ.ಎಂ.ನಲ್ಲೇ ಇರೋ ಹುಡುಗರನ್ನು ಕೇಳಿ ನೋಡಿ. ಎಷ್ಟೋ ಮಂದಿ ತಲೆ ಕೆರೆದುಕೊಳ್ತಾರೆ! ಬೈರಸಂದ್ರ, ತಾವರೆಕೆರೆ, ಮಡಿವಾಳ... ಈ ಮೂರು ಹಳ್ಳಿಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಕಟ್ಟಿದ ಹೆಸರದು. ಹೊಲ ಗದ್ದೆ ಹೋದವು, ಅಕ್ಷರ ಉಳಿದವು. ಈಗ ಇಲ್ಲಿ ಮನೆಯ ಮೇಲೆ ಮನೆ, ಪಿ.ಜಿ. ಪಕ್ಕ ಪಿ.ಜಿ. ಒಬ್ಬರ ಅಡುಗೆಮನೆಯ ಒಗ್ಗರಣೆಗೆ ಇನ್ನೊಬ್ಬರ ಮಲಗೋ ಕೋಣೆಯಲ್ಲಿ ಸೀನು! ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎದುರು ಮನೆಯವರೂ ಲೆಕ್ಕ ಹೇಳಬಲ್ಲರು.

ಇಂಥ ಬಡಾವಣೆಯ ಎರಡನೇ ಹಂತದಲ್ಲಿ, ಒಂದು ಮೂರನೇ ಮಹಡಿಯ ಬಾಡಿಗೆ ರೂಮಿನಲ್ಲಿ, ಈ ಬೇಸಿಗೆ ನಾಲ್ಕು ಹಾಡು ಹುಟ್ಟಿದವು. ಸಿನಿಮಾಕ್ಕಲ್ಲ. ಸ್ಪರ್ಧೆಗಲ್ಲ. ಕಾಸಿಗಂತೂ ಅಲ್ಲವೇ ಅಲ್ಲ. ಮತ್ತೆ ಯಾತಕ್ಕೆ ಅಂತೀರಾ? ಅದನ್ನೇ ಹೇಳೋಕೆ ಹೊರಟಿದ್ದೀನಿ.

ನಾಯಕನಿಗೆ ಹೆಸರಿಲ್ಲ

ಈ ಕತೆಯ ನಾಯಕ ತನ್ನ ಹೆಸರು ಹಾಕಬೇಡಿ ಅಂದ. "ಆಫೀಸಿನವರು ಓದಿದ್ರೆ ನಾನು ಶನಿವಾರ ರಜಾ ಹಾಕಿದ್ದು ಯಾಕೆ ಅಂತ ಗೊತ್ತಾಗಿಬಿಡುತ್ತೆ ಗುರು!" ಅರಸೀಕೆರೆ ಕಡೆಯವನು. ಹಗಲು ಕಂಪನಿ ಕೆಲಸ, ರಾತ್ರಿ ಗಿಟಾರು. ಟಿ.ವಿ.ಯಲ್ಲಿ ಹಳೆಯ 'ಗೀತಾ' ಚಿತ್ರ ಬಂದಾಗ ಗಿಟಾರ್ ಹಿಡಿದ ಶಂಕರ್ ನಾಗ್ ಅವರನ್ನು ನೋಡಿ ಹುಚ್ಚು ಹಿಡಿಸಿಕೊಂಡವನು. ಆ ಚಿತ್ರ ಬಂದದ್ದು 1981ರಲ್ಲಿ, ಇವನಿನ್ನೂ ಹುಟ್ಟೇ ಇರಲಿಲ್ಲ. ಹುಚ್ಚಿಗೆ ವಯಸ್ಸಿಲ್ಲ ನೋಡಿ!

ಜೊತೆಗೆ ಮೂವರು. ಕೀಬೋರ್ಡಿಗೆ ಒಬ್ಬ, ಡ್ರಮ್ಸ್‌ಗೆ ಒಬ್ಬ, ಹಾಡೋದಕ್ಕೆ ಜಯನಗರದ ಒಬ್ಬ ಹುಡುಗಿ. ಆಕೆ ಚಿಕ್ಕಂದಿನಿಂದ ಶಾಸ್ತ್ರೀಯವಾಗಿ ಕಲಿತವಳು. ನಾಲ್ವರೂ ಐದು ವರ್ಷದಿಂದ ವಾರಕ್ಕೊಮ್ಮೆ ಸೇರಿ ನುಡಿಸುತ್ತಿದ್ದರು. ಒಂದು ಹಾಡನ್ನೂ ಧ್ವನಿಮುದ್ರಣ ಮಾಡಿರಲಿಲ್ಲ. "ಮಾಡಿದರಾಯಿತು" ಅಂತಲೇ ಐದು ವರ್ಷ ಹೋಯಿತು.

ಮಾರ್ಚ್ ಕೊನೆಗೆ ಡ್ರಮ್ಸ್ ಹುಡುಗ ಸುದ್ದಿ ಹೇಳಿದ. ಪುಣೆಗೆ ವರ್ಗ. ಜೂನ್ ಒಂದನೇ ತಾರೀಕು ಅಲ್ಲಿರಬೇಕು. ಅಂದರೆ ಕೈಯಲ್ಲಿ ಉಳಿದದ್ದು ಏಪ್ರಿಲ್, ಮೇ. ಎರಡು ತಿಂಗಳಲ್ಲಿ ಹಾಡುಗಳು ಮುದ್ರಣವಾದರೆ ಆದವು. ಇಲ್ಲದಿದ್ದರೆ ಐದು ವರ್ಷದ ಸಂಗೀತ ಗಾಳಿಗೆ!

ಬೀರುವಿನ ಮುಂದೆ ಗಾಯನ

ಒಂದು ಕಾಲದಲ್ಲಿ ಕನ್ನಡದ ಹಾಡು ಮುದ್ರಿಸೋಕೆ ಮದರಾಸಿಗೆ ಹೋಗಬೇಕಿತ್ತು. ದೊಡ್ಡ ಹಾಲ್, ಸಾಲು ಸಾಲು ಪಿಟೀಲು, ತಬಲಾ, ಕೊಳಲು. ಎಲ್ಲರೂ ಒಟ್ಟಿಗೇ ನುಡಿಸಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ! 1980ರ ದಶಕದಲ್ಲಿ ನಾಗ್ ಸಹೋದರರು ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಈ ಅಲೆದಾಟ ತಪ್ಪಲಿ ಅಂತಲೂ ಹೌದು. ಈಗ ನೋಡಿ, ಒಂದು ಲ್ಯಾಪ್‌ಟಾಪು, ಅಂಗೈಯಗಲದ ಒಂದು ಡಬ್ಬಿ, ಒಂದು ಮೈಕು, ಒಂದು ಹೆಡ್‌ಫೋನು. ಮನೆಯೇ ಸ್ಟುಡಿಯೋ. ಒಬ್ಬೊಬ್ಬರೇ ಬಂದು ತಮ್ಮ ಪಾಲು ನುಡಿಸಿ ಹೋಗಬಹುದು. ಆಮೇಲೆ ಪದರದ ಮೇಲೆ ಪದರ ಇಟ್ಟ ಚಿರೋಟಿಯ ಹಾಗೆ ಜೋಡಿಸೋದು.

ಸುಲಭ ಅಂತ ತಿಳಿದಿರಾ? ಬಿ.ಟಿ.ಎಂ. ಬೇಸಿಗೆಯಲ್ಲಿ ಮಾಡಿ ನೋಡಿ!

ಮೊದಲು ಫ್ಯಾನ್ ಆಫ್ ಮಾಡಬೇಕು. ಒಳ್ಳೆ ಮೈಕಿಗೆ ಫ್ಯಾನಿನ ಗಾಳಿಯೂ ಕೇಳುತ್ತೆ. ಕಿಟಕಿ ಮುಚ್ಚಬೇಕು. ಏಪ್ರಿಲ್ ಬಿಸಿಲಿಗೆ ಕಾದ ತಾರಸಿಯ ಕೆಳಗೆ, ಮುಚ್ಚಿದ ಕೋಣೆಯಲ್ಲಿ ಗಿಟಾರ್ ಹಿಡಿದರೆ ಬೆರಳಿನಿಂದ ಬೆವರು ತೊಟ್ಟಿಕ್ಕುತ್ತೆ. ಉಕ್ಕಿನ ತಂತಿ ಕಾದಷ್ಟೂ ಸಡಿಲವಾಗಿ ಶ್ರುತಿ ಇಳಿಯುತ್ತೆ. ಹತ್ತು ನಿಮಿಷಕ್ಕೊಮ್ಮೆ ಶ್ರುತಿ ಮಾಡು, ಒರೆಸು, ನುಡಿಸು. ಮತ್ತೆ ಶ್ರುತಿ ಮಾಡು!

ಇಷ್ಟಾದ ಮೇಲೂ ಮೈಕಿಗೆ ಬೀಳೋದೇನು? ಕೋಗಿಲೆ! ಕವಿಗಳು ಅದರ ದನಿಗೆ ಏನೇ ಅನ್ನಲಿ, ಪಲ್ಲವಿಯ ನಡುವೆ ಬಂದರೆ ಅದೂ ಒಂದು ಪೀಡೆಯೇ. ಕಸದ ಆಟೋದ ಹಾಡು. ಬೋರ್‌ವೆಲ್ ಮೋಟಾರು. ಸೊಪ್ಪಿನವನ ಕೂಗು. ಮಧ್ಯಾಹ್ನ ಎರಡರಿಂದ ನಾಲ್ಕು, ಬೀದಿ ಉಂಡು ಮಲಗೋ ಹೊತ್ತು, ಮೈಕಿಗೆ ಪ್ರಶಸ್ತ. ಆದರೆ ಜನ ಮಲಗಿದ್ದಾರೆ ಅಂದರೆ ನೀವು ಹಾಡೋ ಹಾಗಿಲ್ಲ! ಈ ಇಕ್ಕಟ್ಟಿಗೆ ಅವರು ಕಂಡುಕೊಂಡ ಉಪಾಯ ಚೆನ್ನಾಗಿದೆ. ಎಲೆಕ್ಟ್ರಿಕ್ ಗಿಟಾರನ್ನು ನೇರ ತಂತಿಯಲ್ಲಿ ಡಬ್ಬಿಗೆ ಸಿಕ್ಕಿಸೋದು. ಹೊರಗೆ ಸದ್ದೇ ಇಲ್ಲ, ಹೆಡ್‌ಫೋನಿನಲ್ಲಿ ಮಾತ್ರ. ಹಾಡೋ ಹುಡುಗಿ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರೊಳಕ್ಕೆ ಮುಖ ಮಾಡಿ ನಿಂತು ಹಾಡಬೇಕು. ಶರ್ಟು, ಸ್ವೆಟರು, ಕಂಬಳಿ ಎಲ್ಲ ಸೇರಿ ದನಿಯ ಪ್ರತಿಧ್ವನಿ ಹೀರಿಕೊಳ್ಳುತ್ತವೆ. "ನನ್ನ ಹಾಡಿಗೆ ಮೊದಲ ಶ್ರೋತೃ ಇವನ ಇಸ್ತ್ರಿ ಇಲ್ಲದ ಪ್ಯಾಂಟು" ಅಂತ ಆಕೆಯ ದೂರು.

ಡಬಡಬ ಬೇಡ!

ಆದರೆ ಡ್ರಮ್ಸ್? ಅದನ್ನು ಯಾವ ಬೀರುವಿನೊಳಗೆ ತುರುಕೋದು? ಕೆಳಗಿನ ಮನೆಯ ಓನರ್ ಅಮ್ಮ ಮೆಟ್ಟಿಲಲ್ಲೇ ತಡೆದು ಹೇಳಿದರು: "ನೋಡಪ್ಪಾ, ಹಾಡ್ಕೊಳ್ಳಿ, ಬೇಡ ಅನ್ನಲ್ಲ. ಆ ಡಬಡಬ ಮಾತ್ರ ನನ್ನ ಮನೇಲಿ ಬೇಡ. ಎಂಟು ಗಂಟೆ ಮೇಲೆ ಏನೂ ಬೇಡ."

ಅವರದ್ದು ನ್ಯಾಯವೇ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಭೌತಶಾಸ್ತ್ರ ಅಷ್ಟಕ್ಕಷ್ಟೆ. ಆದರೆ ನಾಯಕ ಪೆನ್ಸಿಲ್ ಹಿಡಿದು ಬಿಡಿಸಿ ತೋರಿಸಿದ. ಸಣ್ಣ ಕೀಚು ದನಿಗಳ ಅಲೆ ಗಿಡ್ಡ, ಹಾಸಿಗೆ ಕಂಬಳಿ ಅದನ್ನು ನುಂಗುತ್ತೆ. ದಪ್ಪ ದನಿಯ ಅಲೆ ಉದ್ದ. ಸೆಕೆಂಡಿಗೆ ನೂರು ಸಲ ಕಂಪಿಸೋ ಶಬ್ದದ ಒಂದು ಅಲೆ ಸುಮಾರು 3.4 ಮೀಟರ್, ಅಂದರೆ ಹನ್ನೊಂದು ಅಡಿ! ಎರಡಂಗುಲದ ಹಾಸಿಗೆ ಅದಕ್ಕೆ ಯಾವ ಲೆಕ್ಕ? ಗೋಡೆ, ತಾರಸಿಯನ್ನೇ ನಡುಗಿಸಿಕೊಂಡು ಆಚೆ ಹೋಗುತ್ತೆ. ಪಕ್ಕದ ಮನೆಯ ಮದುವೆ ಹಾಡಿನಲ್ಲಿ ನಿಮಗೆ ಸಾಹಿತ್ಯ ಕೇಳದೆ ಧುಮ್ ಧುಮ್ ಮಾತ್ರ ಕೇಳೋದು ಇದಕ್ಕೇ.

ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಎದುರಾಬದುರಾ ಕೂತು ಮಾತಾಡಿದರೇ ಹೆಚ್ಚುಕಮ್ಮಿ 60 ಆಗುತ್ತೆ. ಡ್ರಮ್ಸ್ ಬಾರಿಸಿದರೆ ಸಲೀಸಾಗಿ ನೂರು ದಾಟುತ್ತೆ!

ಹಾಗಾಗಿ ಡ್ರಮ್ಸ್‌ಗೆ ಜ್ಯಾಮ್ ರೂಮು. ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಕೋಣೆ, ಗೋಡೆಗೆ ಫೋಮು, ನೆಲಕ್ಕೆ ಕಾರ್ಪೆಟ್ಟು, ಮೂಲೆಯಲ್ಲಿ ಡ್ರಮ್ ಸೆಟ್, ಎರಡು ಆಂಪ್ಲಿಫೈಯರು. ಗಂಟೆ ಲೆಕ್ಕದಲ್ಲಿ ಬಾಡಿಗೆ, ನಾಲ್ವರೂ ಹಂಚಿಕೊಂಡು ಕೊಡೋದು. ಗಡಿಯಾರ ಓಡ್ತಾ ಇರುತ್ತೆ, ಕೀಬೋರ್ಡಿನವನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿರುತ್ತಾನೆ! "ಮಚ್ಚಾ, ಕಾಣಿಸ್ತಾ ಇದೆ, ಸಿಗ್ನಲ್ ಕಾಣಿಸ್ತಾ ಇದೆ" ಅಂತ ಫೋನಿನಲ್ಲಿ ಅರ್ಧ ಗಂಟೆ.

ಐದು ಸ್ವರ, ಎರಡು ಹೆಸರು

ಆ ನೆಲಮಾಳಿಗೆಯಲ್ಲಿ ಒಂದು ಸಂಜೆ ನಾನೂ ಕೂತಿದ್ದೆ. ಜ್ಯಾಮ್ ಅಂದರೆ ಏನೋ ಅಂದುಕೊಂಡಿದ್ದೆ. ನಮ್ಮ ಊರ ಭಜನೆ ಮನೆಯಲ್ಲಿ ಒಬ್ಬ ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿದುಕೊಂಡು ಹೋಗ್ತಾರಲ್ಲ, ಅದೇ! ಗಿಟಾರಿನವನು ಯಾವಾಗಲೂ ಬೆರಳಾಡಿಸೋ ಐದು ಸ್ವರ ನುಡಿಸುತ್ತಿದ್ದ. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ಹುಡುಗರು ಮೊದಲು ಕಲಿಯೋ ಪಾಠ ಅದು. ಹಾಡೋ ಹುಡುಗಿ ಕೇಳಿ ಕೇಳಿ ನಕ್ಕಳು. "ಇದು ಶುದ್ಧ ಧನ್ಯಾಸಿ ಕಣೋ!"

ನಿಜವೇ. ಸ ಗ ಮ ಪ ನಿ, ಅವೇ ಸ್ವರಸ್ಥಾನ. ಅವನು ತಂತಿಯನ್ನು ಬೆರಳಿನಿಂದ ಎಳೆದು ಸ್ವರ ಬಾಗಿಸುತ್ತಾನೆ, ಆಕೆ ಗಮಕದಲ್ಲಿ ತೂಗುತ್ತಾಳೆ. ಅಷ್ಟೇ ವ್ಯತ್ಯಾಸ. ಅರ್ಧ ಗಂಟೆ ಇಬ್ಬರೂ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋದರು. ನಾಲ್ಕನೇ ಹಾಡು ಹುಟ್ಟಿದ್ದು ಅಲ್ಲಿ.

ಕೋಟೆಯ ಚಪ್ಪರದಲ್ಲಿ

ಬರೀ ನುಡಿಸಿದರೆ ಸಾಲದು, ಕೇಳಬೇಕು. ಬೆಂಗಳೂರಿನ ಬೇಸಿಗೆ ಅಂದರೆ ರಾಮನವಮಿಯ ಸಂಗೀತ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಚಪ್ಪರ ಹಾಕಿ ಕಛೇರಿ ಮಾಡಿಸೋ ಶ್ರೀರಾಮಸೇವಾ ಮಂಡಳಿ ಹುಟ್ಟಿದ್ದು 1939ರಲ್ಲಿ. ಪಾನಕ, ಕೋಸಂಬರಿ, ಸಂಗೀತ, ಮೂರೂ ನಮ್ಮೂರಿನಲ್ಲಿ ಒಂದೇ ಹಬ್ಬದ ಪ್ರಸಾದ.

2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಬಿ.ಟಿ.ಎಂ.ನವರಿಗೆ ಈ ಹಾದಿ ಸುಲಭವಾಗಿದೆ. ಬಿ.ಟಿ.ಎಂ. ಲೇಔಟ್ ನಿಲ್ದಾಣದಲ್ಲಿ ಹತ್ತಿ, ಆರ್.ವಿ. ರೋಡಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದರಾಯಿತು. ನಾಲ್ವರೂ ಹೋದರು. ತನಿ ಆವರ್ತನ ಶುರುವಾಯಿತು. ಮೃದಂಗ, ಘಟ ಒಂದಕ್ಕೊಂದು ಸವಾಲು ಜವಾಬು. ಡ್ರಮ್ಸ್ ಹುಡುಗ ಕಣ್ಣು ಪಿಳುಕಿಸದೆ ಕೂತಿದ್ದ. ಮನೆಯಲ್ಲಿ ಮುದ್ರಣ ಮಾಡುವಾಗ ಇವರಿಗೆ ಕಿವಿಯಲ್ಲಿ ಟಿಕ್ ಟಿಕ್ ಅಂತ ಕಂಪ್ಯೂಟರಿನ ತಾಳ ಬೇಕೇ ಬೇಕು. ಇಲ್ಲದಿದ್ದರೆ ಒಬ್ಬೊಬ್ಬರೇ ನುಡಿಸಿದ ಪದರಗಳು ಒಂದಕ್ಕೊಂದು ಕೂಡೋದಿಲ್ಲ.

"ಟಿಕ್ ಟಿಕ್ ಇಲ್ದೇ ಇವರು ಹೆಂಗೆ ಸಮಕ್ಕೆ ಬರ್ತಾರೆ?" ಅಂತ ಅವನು ಕೇಳಿದ.

ಆಕೆ ಸುತ್ತ ತೋರಿಸಿದಳು. ಚಪ್ಪರದ ತುಂಬ ಕೈಗಳು, ತೊಡೆಯ ಮೇಲೆ ಆದಿತಾಳದ ಎಂಟೆಣಿಕೆ ಹಾಕುತ್ತಿದ್ದವು. "ಒಬ್ಬರನ್ನೊಬ್ಬರು ಕೇಳ್ತಾರೆ, ಅಷ್ಟೆ" ಅಂದಳು.

ಕೊನೆಯ ಶನಿವಾರ

ಮೇ ಕೊನೆಯ ಹೊತ್ತಿಗೆ ಮೂರು ಹಾಡು ಮುಗಿದಿದ್ದವು. ನಾಲ್ಕನೆಯದನ್ನು ಪದರ ಪದರವಾಗಿ ಮಾಡೋದು ಬೇಡ ಅಂತ ಡ್ರಮ್ಸ್ ಹುಡುಗ ಹಟ ಹಿಡಿದ. ಜ್ಯಾಮ್ ರೂಮಿನಲ್ಲಿ ಎರಡು ಗಂಟೆಗೆ ದುಡ್ಡು ಕಟ್ಟಿದರು. ಕೋಣೆಯಲ್ಲಿ ನಾಲ್ವರೂ ಒಟ್ಟಿಗೆ, ಹಳೆಯ ಮದರಾಸಿನ ಪದ್ಧತಿಯಲ್ಲಿ. ಟಿಕ್ ಟಿಕ್ ಇಲ್ಲ. ಮೊದಲ ಸಲ ಚರಣಕ್ಕೆ ಬರೋ ಹೊತ್ತಿಗೆ ಓಟ ಹೆಚ್ಚಿತು. ಎರಡನೇ ಸಲ ಹೊರಗೆ ಗುಡುಗು ಮಳೆ, ಕರೆಂಟು ಹೋಯಿತು, ಇಪ್ಪತ್ತು ನಿಮಿಷ ಕತ್ತಲಲ್ಲಿ ಮೊಬೈಲ್ ಬೆಳಕು. ಮೂರನೇ ಸಲ ಕೂಡಿತು. ಕೊನೆಯ ಸಮಕ್ಕೆ ನಾಲ್ವರೂ ಒಟ್ಟಿಗೆ ಬಂದು ನಿಂತಾಗ ಯಾರೂ ಮಾತಾಡಲಿಲ್ಲ. ಹೊರಗೆ ಮುಂದಿನ ಬ್ಯಾಂಡಿನವರು ಬಾಗಿಲು ತಟ್ಟುತ್ತಿದ್ದರು!

ನನಗೆ ಕೇಳಿಸಿದರು. ಉಳಿದ ಮೂರು ಹಾಡು ಚೊಕ್ಕವಾಗಿವೆ. ನಾಲ್ಕನೆಯದು ಅಲ್ಲಲ್ಲಿ ಒರಟು. ಆದರೆ ಮತ್ತೆ ಹಾಕಿ ಅಂತ ನಾನು ಕೇಳಿದ್ದು ಅದನ್ನೇ. ಡ್ರಮ್ಸ್ ಹುಡುಗ ಜೂನ್ ಒಂದಕ್ಕೆ ಪುಣೆ ಸೇರಿಕೊಂಡ.

ಹಾಡೋರಿಗೆ ಜಾಗ ಎಲ್ಲಿ?

ಈ ಹಾಡುಗಳನ್ನು ಜನರ ಮುಂದೆ ಯಾಕೆ ನುಡಿಸಲಿಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಉತ್ತರ ಸ್ವಲ್ಪ ಕಹಿ.

ಬೆಂಗಳೂರಿನಲ್ಲಿ 'ಲೈವ್ ಬ್ಯಾಂಡ್' ಅಂದರೆ ಬಹಳ ಕಾಲ ಜನ ತಿಳಿಯುತ್ತಿದ್ದದ್ದೇ ಬೇರೆ. ಬಾರುಗಳಲ್ಲಿ ಹುಡುಗಿಯರ ಕುಣಿತ. ಅದನ್ನು ಹತೋಟಿಗೆ ತರಲು 2005ರಲ್ಲಿ ಪೊಲೀಸ್ ಲೈಸೆನ್ಸಿನ ಆದೇಶ ಬಂತು. ಹೋಟೆಲಿನವರು ಕೋರ್ಟಿಗೆ ಹೋದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷ ಪೊಲೀಸರು ಲೈಸೆನ್ಸ್ ಕೇಳತೊಡಗಿದಾಗ ಊರಿನ ಎಷ್ಟೋ ಪಬ್ಬುಗಳಲ್ಲಿ ಸಂಗೀತವೇ ನಿಂತಿತು. ಕುಣಿತದ ಬಾರಿಗೆ ಬೀಸಿದ ಬಲೆಗೆ ಗಿಟಾರಿನ ಹುಡುಗನೂ ಬಿದ್ದ! ಅಕ್ಕಪಕ್ಕದ ಮನೆಯವರ ನಿದ್ದೆಗೆ ಬೆಲೆ ಇಲ್ಲವೇ? ಖಂಡಿತ ಇದೆ. ಆದರೆ ಸಣ್ಣ ಕಲಾವಿದರಿಗೆ ಇದ್ದ ಸಣ್ಣ ವೇದಿಕೆಯೂ ಅದರ ಜೊತೆಗೇ ಕಿರಿದಾಯಿತು ಅನ್ನೋದೂ ಅಷ್ಟೇ ಖಂಡಿತ.

ನಾಟಕದವರಿಗೆ ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಇದೆ. ಅದೇ ಜೆ.ಪಿ. ನಗರದ ಏಳನೇ ಹಂತದಲ್ಲಿ 2019ರಲ್ಲಿ ಸಂಗೀತದ ಮ್ಯೂಸಿಯಮ್ಮೇ ಬಂತು. ಬಹಳ ಚೆನ್ನಾಗಿದೆ, ಹೋಗಿ ಬನ್ನಿ. ಆದರೆ ಕಂಪನಿ ಕೆಲಸ ಮುಗಿಸಿ ಬಂದು ಎರಡು ಗಂಟೆ ನುಡಿಸಬೇಕು ಅನ್ನೋನಿಗೆ ಬೇಕಾದ್ದು ಮ್ಯೂಸಿಯಂ ಅಲ್ಲ, ಗಟ್ಟಿ ಗೋಡೆಯ ಒಂದು ಕೋಣೆ.

ಹೊಸ ಬಡಾವಣೆ ಅಂದರೆ ಮೈದಾನ ಬೇಕು, ಪಾರ್ಕು ಬೇಕು ಅಂತ ಕೇಳ್ತೀವಿ. ಪಾರ್ಕಿನಲ್ಲಿ ಕಬ್ಬಿಣದ ವ್ಯಾಯಾಮದ ಸಲಕರಣೆ ನಿಲ್ಲಿಸ್ತೀವಿ. ಸರಿ. ಮೈಗೆ ಅಷ್ಟು ಮಾಡೋರು ಕಿವಿಗೆ ಒಂದಿಷ್ಟು ಮಾಡಬಾರದೇ? ವಾರ್ಡಿಗೊಂದು ಸಮುದಾಯ ಭವನ, ಅದರ ನೆಲಮಾಳಿಗೆಯಲ್ಲಿ ದಪ್ಪ ಬಾಗಿಲಿನ ಒಂದು ಕೋಣೆ, ಗಂಟೆಗಿಷ್ಟು ಅಂತ ಕಡಿಮೆ ಬಾಡಿಗೆ. ತಮಟೆಯವರೂ ಬರಲಿ, ಭಜನೆಯವರೂ ಬರಲಿ, ಡೊಳ್ಳಿನವರೂ ಬರಲಿ, ಡ್ರಮ್ಸ್‌ನವರೂ ಬರಲಿ. ಓನರ್ ಅಮ್ಮಂದಿರು ನೆಮ್ಮದಿಯಾಗಿ ಮಲಗಲಿ.

ಅಲ್ಲಿಯವರೆಗೆ ನಮ್ಮ ನಾಯಕನ ಮನೆಯಲ್ಲಿ ಫ್ಯಾನ್ ಆಫ್, ಕಿಟಕಿ ಬಂದ್, ಬೀರು ಓಪನ್. ಮುಂದಿನ ಬೇಸಿಗೆಗೆ ಒಬ್ಬ ಡ್ರಮ್ಸ್‌ನವನು ಬೇಕಂತೆ.