ಸೂಟ್‌ಕೇಸಿನೊಳಗೆ ಕೂತ ಸುಬ್ಬಿ

ಮಂಚದ ಕೆಳಗಿಂದ ಸೂಟ್‌ಕೇಸ್ ಎಳೆದ ಸದ್ದಾದರೆ ಸಾಕು, ಸುಬ್ಬಿ ಎಲ್ಲಿದ್ದರೂ ಬಂದುಬಿಡುತ್ತಾಳೆ. ಮುಚ್ಚಳದ ಅಂಚಿಗೆ ಮೊದಲು ಎಡಗೆನ್ನೆ ಉಜ್ಜುತ್ತಾಳೆ, ಆಮೇಲೆ ಬಲಗೆನ್ನೆ. ಒಳಗಿಳಿದು ಇಸ್ತ್ರಿ ಮಾಡಿಟ್ಟ ಪಂಚೆಯ ಮೇಲೆ ಎರಡು ಸುತ್ತು ಹಾಕಿ ಮುದುರಿ ಕೂರುತ್ತಾಳೆ. ಎತ್ತಿ ಕೆಳಗಿಟ್ಟರೆ ಮತ್ತೆ ಹತ್ತುತ್ತಾಳೆ. ಬೆಕ್ಕು ಸಾಕಿದವರಿಗೆಲ್ಲ ಈ ನೋಟ ಗೊತ್ತು. ನಾನು ಬಹಳ ದಿನ ಅದನ್ನು ಆಟ ಅಂತಲೇ ತಿಳಿದಿದ್ದೆ.

ಹೋದ ವರ್ಷ ಮಾಘಮಾಸದಲ್ಲಿ ಶಿರಸಿಯ ಕಡೆ ಒಂದು ಮದುವೆ. ನಾಲ್ಕು ದಿನದ ಪ್ರಯಾಣ. ಬಟ್ಟಲು ತುಂಬ ಒಣ ಆಹಾರ, ಎರಡು ಪಾತ್ರೆಯಲ್ಲಿ ನೀರು ಇಟ್ಟು, ಎದುರು ಮನೆಯವರ ಕೈಗೆ ಬೀಗದ ಕೈ ಕೊಟ್ಟು, "ದಿನಕ್ಕೊಂದು ಸಲ ಇಣುಕಿ ನೋಡಿದ್ರೆ ಸಾಕು, ಬೆಕ್ಕಲ್ವಾ, ಅದರ ಪಾಡಿಗೆ ಅದಿರತ್ತೆ" ಎಂದು ಹೇಳಿ ಹೊರಟಿದ್ದೆವು. ವಾಪಸು ಬಂದು ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಉಚ್ಚೆಯ ವಾಸನೆ. ಹಾಸಿಗೆಯಲ್ಲಿ ನಾನು ಮಲಗುವ ಮಗ್ಗುಲು, ಅದೂ ದಿಂಬಿನ ಹತ್ತಿರ, ಒದ್ದೆಯಾಗಿ ಒಣಗಿ ಹಳದಿ ಕಲೆ ಕಟ್ಟಿತ್ತು. ಬಟ್ಟಲಿನ ಆಹಾರ ಅರ್ಧವೂ ಇಳಿದಿರಲಿಲ್ಲ. ಸುಬ್ಬಿಯನ್ನು ಎತ್ತಿಕೊಂಡು ನೋಡಿದರೆ ಹೊಟ್ಟೆಯ ಕೆಳಗೆ ಒಂದು ಅಂಗೈಯಗಲ ಕೂದಲೇ ಇಲ್ಲ. ನೆಕ್ಕಿ ನೆಕ್ಕಿ ಗುಲಾಬಿ ಬಣ್ಣದ ಚರ್ಮ ಕಾಣುತ್ತಿತ್ತು. "ಬಿಟ್ಟು ಹೋದಿರಿ ಅಂತ ಸೇಡು ತೀರಿಸ್ಕೊಂಡಿದಾಳೆ ನೋಡಿ" ಎಂದಳು ಹೆಂಡತಿ. ಆ ಹೊಟ್ಟೆಯನ್ನು ನೋಡಿದ ಮೇಲೆ ನನಗೆ ಸೇಡಿನ ಮಾತು ಒಪ್ಪಿಗೆಯಾಗಲಿಲ್ಲ.

ಸ್ಟೆಫನಿ ಶ್ವಾರ್ಟ್ಸ್ ಎಂಬ ಅಮೆರಿಕದ ಪಶುವೈದ್ಯೆ 2002ರಲ್ಲಿ ಇಂಥ 136 ಬೆಕ್ಕುಗಳ ವಿವರ ಪ್ರಕಟಿಸಿದ್ದಾರೆ. ಯಜಮಾನರು ಮನೆಯಲ್ಲಿಲ್ಲದಾಗ ಕಂಡಕಂಡಲ್ಲಿ ಉಚ್ಚೆ ಹೊಯ್ಯುವುದು, ಅತಿಯಾಗಿ ಕೂಗುವುದು, ಮೈಯನ್ನು ನೆಕ್ಕಿ ಬೋಳಾಗಿಸಿಕೊಳ್ಳುವುದು, ಎಲ್ಲವೂ ಅದರಲ್ಲಿವೆ. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ: ಹೀಗೆ ಉಚ್ಚೆ ಹೊಯ್ದ ಬೆಕ್ಕುಗಳಲ್ಲಿ ನೂರಕ್ಕೆ 75ರಷ್ಟು ಯಜಮಾನರ ಹಾಸಿಗೆಯನ್ನೇ ಆರಿಸಿಕೊಂಡಿದ್ದವು. ಮನೆಯಲ್ಲಿ ನಮ್ಮ ಮೈವಾಸನೆ ಅತ್ಯಂತ ದಟ್ಟವಾಗಿರುವ ಜಾಗ ಅದು. ಹೋದವರ ವಾಸನೆಯ ಜೊತೆ ತನ್ನ ವಾಸನೆ ಬೆರೆಸಿ ಬೆಕ್ಕು ಧೈರ್ಯ ತಂದುಕೊಳ್ಳುತ್ತಿದೆ ಎಂದೇ ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ಸೂಟ್‌ಕೇಸಿಗೆ ಕೆನ್ನೆ ಉಜ್ಜುವುದೂ ಇದೇ ಬಗೆ. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಉಜ್ಜಿದ ವಸ್ತು ಅದರ ಪಾಲಿಗೆ ತನ್ನದಾಗುತ್ತದೆ.

ನಮ್ಮ ಅಜ್ಜಿಯ ಮನೆಯಲ್ಲಿ ಈ ತಾಪತ್ರಯವೇ ಇರಲಿಲ್ಲ. ಅಡಿಕೆ ತೋಟದ ನಡುವಿನ ಮನೆ, ಹದಿನಾಲ್ಕು ಜನ. ಯಾರು ಎಲ್ಲಿಗೆ ಹೋದರೂ ಯಾರಾದರೂ ಉಳಿದೇ ಉಳಿಯುತ್ತಿದ್ದರು. ಆ ಮನೆಯ ಮುಂಬಾಗಿಲಿಗೆ ಬೀಗ ಬಿದ್ದದ್ದನ್ನು ನಾನು ಕಂಡಿಲ್ಲ. ಬೆಕ್ಕು ರಾತ್ರಿ ಅಟ್ಟದ ಮೇಲೆ ಇಲಿ ಕಾಯುತ್ತಿತ್ತು, ಬೆಳಗಿನ ಜಾವ ಬಚ್ಚಲೊಲೆಯ ಬೆಚ್ಚನೆ ಬೂದಿಯ ಪಕ್ಕ ಮಲಗುತ್ತಿತ್ತು. ನಾಯಿಗೆ ಯಜಮಾನ ಬೇಕು, ಬೆಕ್ಕಿಗೆ ಮನೆ ಬೇಕು ಎಂದು ಹಿರಿಯರು ಹೇಳುತ್ತಿದ್ದುದು ಅಂಥ ಮನೆಗಳನ್ನು ನೋಡಿಯೇ ಇರಬೇಕು. ಮಂಡ್ಯದ ಕಡೆಯ ಕೊತ್ತಿಗೂ ಮಂಗಳೂರಿನ ಪುಚ್ಚೆಗೂ ಆ ಕಾಲಕ್ಕೆ ಆ ಮಾತು ಒಪ್ಪುತ್ತಿತ್ತು. ಬೆಂಗಳೂರಿನ ಎರಡನೇ ಮಹಡಿಯ ಫ್ಲಾಟಿನಲ್ಲಿ ಎರಡೇ ಎರಡು ಮನುಷ್ಯ ಮುಖ ನೋಡಿ ಬೆಳೆದ ಸುಬ್ಬಿಗೆ ಒಪ್ಪುವುದಿಲ್ಲ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲೆ ಮತ್ತು ಸಂಗಡಿಗರು ಮರಿಗಳನ್ನು ಎರಡು ನಿಮಿಷ ಒಂಟಿಯಾಗಿ ಬಿಟ್ಟು, ಸಾಕಿದವರು ಮರಳಿದಾಗ ಏನು ಮಾಡುತ್ತವೆಂದು ನೋಡಿ 2019ರಲ್ಲಿ ಬರೆದರು. ಹತ್ತಿರಹತ್ತಿರ ಮೂರರಲ್ಲಿ ಎರಡು ಮರಿಗಳು ಅವರನ್ನು ಕಂಡು ಸಮಾಧಾನಗೊಂಡು, ಮತ್ತೆ ಸುತ್ತಾಡಲು ಹೊರಟವು. ಮಕ್ಕಳು ತಾಯಿಯನ್ನು ನಂಬುವ ಹಾಗೆಯೇ ಇದು.

ತಾಯಿ ಎಂದಾಗ ಮೇಲುಕೋಟೆಯ ಒಂದು ಸಂಜೆ ನೆನಪಾಗುತ್ತದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಹಿರಿಯರೊಬ್ಬರು ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಬಿಡಿಸಿ ಹೇಳಿದ್ದರು. ಕೋತಿಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕು, ಶ್ರೀವೈಷ್ಣವರಲ್ಲಿ ವಡಗಲೈ ಪಂಗಡದವರ ಶರಣಾಗತಿ ಹಾಗೆ. ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕತ್ತು ಕಚ್ಚಿ ಒಯ್ಯುತ್ತದೆ, ತೆಂಗಲೈಯವರದು ಹಾಗೆ. ಬಾಯಲ್ಲಿ ಕಚ್ಚಿದಾಗ ಮರಿ ಕೈಕಾಲು ಮಡಚಿ ಅಲ್ಲಾಡದೆ ನೇತಾಡುವುದನ್ನು ನೋಡಿದವರಿಗೆ ಆ ಹೋಲಿಕೆಯ ಆಳ ತಿಳಿಯುತ್ತದೆ. ಸುಬ್ಬಿ ಚರಂಡಿಯ ಪಕ್ಕ ಸಿಕ್ಕಾಗ ನನ್ನ ಅಂಗೈಯಷ್ಟಿದ್ದಳು. ಕತ್ತು ಹಿಡಿದು ಎತ್ತಿ ತಂದವನು ನಾನು. ಅವಳ ನಂಬಿಕೆಯ ಹೊಣೆ ನನ್ನದಲ್ಲವೇ?

ಆದ್ದರಿಂದ ಈಗ ಊರಿಗೆ ಹೊರಡುವ ರೀತಿಯನ್ನೇ ಬದಲಿಸಿದ್ದೇವೆ. ಬೆಕ್ಕನ್ನು ಮನೆಯಿಂದ ಕದಲಿಸುವುದಿಲ್ಲ. ದುಡ್ಡು ಕೊಟ್ಟು ಬಿಟ್ಟುಬರುವ ಜಾಗಗಳು ಎಷ್ಟೇ ಚೊಕ್ಕಟವಾಗಿರಲಿ, ನಾಯಿಗಳ ಬೊಗಳು ಕೇಳುವ ಪರಕೀಯ ಗೂಡು ಬೆಕ್ಕಿಗೆ ಎರಡು ಪಟ್ಟು ಕಷ್ಟ: ಮನುಷ್ಯರೂ ಹೋದರು, ಮನೆಯೂ ಹೋಯಿತು. ಸೂಟ್‌ಕೇಸನ್ನು ವಾರ ಮೊದಲೇ ತೆಗೆದು ಬಾಯಿ ತೆರೆದಿಡುತ್ತೇವೆ. ಸುಬ್ಬಿ ಅದರಲ್ಲಿ ಮಲಗಿ ಮಲಗಿ ಅದೊಂದು ಸಾಮಾನು ಅಷ್ಟೇ ಎಂದಾಗಿಬಿಡುತ್ತದೆ. ಹಾಸಿಗೆಯ ಹೊದಿಕೆ ಒಗೆಯುವುದಿಲ್ಲ. ನಾನು ಎರಡು ದಿನ ಉಟ್ಟ ಲುಂಗಿಯನ್ನು ಅವಳ ರಟ್ಟಿನ ಪೆಟ್ಟಿಗೆಯಲ್ಲಿ ಹಾಸುತ್ತೇನೆ. ಈ ರಟ್ಟಿನ ಪೆಟ್ಟಿಗೆಯನ್ನು ಹಗುರವಾಗಿ ಕಾಣಬೇಡಿ. ನೆದರ್‌ಲ್ಯಾಂಡ್ಸ್‌ನ ಒಂದು ಬೆಕ್ಕಿನ ಆಶ್ರಯಧಾಮದಲ್ಲಿ ಅಡಗಿಕೊಳ್ಳಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಹೊಸ ಜಾಗಕ್ಕೆ ಬೇಗ ಒಗ್ಗಿಕೊಂಡದ್ದನ್ನು 2014ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದ್ದಾರೆ.

ಎಲ್ಲಕ್ಕಿಂತ ಮುಖ್ಯ ಹೊತ್ತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಅವರ ತಂಡ ಬೆಕ್ಕುಗಳ ದಿನಚರಿಯನ್ನು ಅಸ್ತವ್ಯಸ್ತ ಮಾಡಿದಾಗ, ಯಾವ ರೋಗವೂ ಇಲ್ಲದ ಬೆಕ್ಕುಗಳು ಕೂಡ ಊಟ ಬಿಟ್ಟವು, ವಾಂತಿ ಮಾಡಿಕೊಂಡವು, ಮರಳಿನ ಟ್ರೇಯ ಹೊರಗೆ ಹೊಲಸು ಮಾಡಿದವು. ದಿನವೂ ಅದೇ ಹೊತ್ತಿಗೆ ಊಟ ಹಾಕುವ ಕೈಗೆ ಬೆಕ್ಕಿನ ಲೋಕದಲ್ಲಿ ಎಂಥ ಬೆಲೆ! ಈಗ ಎದುರು ಮನೆಯ ಹುಡುಗಿ, ಎಂಟನೇ ಕ್ಲಾಸು, ಬೆಳಿಗ್ಗೆ 7ಕ್ಕೆ ಮತ್ತು ಸಂಜೆ 7ಕ್ಕೆ ಬರುತ್ತಾಳೆ. ಮೊದಲ ಸಲ ಫೋನಿನಲ್ಲಿ, "ಅಂಕಲ್, ಮಂಚದ ಕೆಳಗಿಂದ ಬರ್ತಾನೇ ಇಲ್ಲ" ಎಂದು ಅಳುದನಿಯಲ್ಲಿ ಹೇಳಿದ್ದಳು. "ಕರೀಬೇಡ ಪುಟ್ಟಾ, ಕೈ ಹಾಕಿ ಎಳೀಬೇಡ. ನೆಲದ ಮೇಲೆ ಕೂತು ಹೋಂವರ್ಕ್ ಮಾಡು. ಅವಳು ನೋಡಿದ್ರೆ ನಿಧಾನಕ್ಕೆ ಕಣ್ಣು ಮುಚ್ಚಿ ತೆಗಿ" ಎಂದೆ. ಈ ಕಣ್ಣಿನ ಭಾಷೆಯನ್ನೂ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷಿಸಿದ್ದಾರೆ. ಹಾಗೆ ರೆಪ್ಪೆ ಮುಚ್ಚಿ ತೆರೆದ ಅಪರಿಚಿತರ ಬಳಿಗೆ ಬೆಕ್ಕುಗಳು ಹೆಚ್ಚು ಸಲೀಸಾಗಿ ಬಂದವು. ಮೂರನೆಯ ಸಂಜೆ ಸುಬ್ಬಿ ಅವಳ ಗಣಿತದ ನೋಟ್‌ಬುಕ್ಕಿನ ಮೇಲೆ ಬಂದು ಕೂತಳಂತೆ.

ವಿಡಿಯೊ ಕಾಲ್ ಮಾತ್ರ ನಿಲ್ಲಿಸಿದೆ. ಒಮ್ಮೆ ಶಿರಸಿಯಿಂದ "ಸುಬ್ಬೀ" ಎಂದು ಕರೆದೆ. ಅವಳು ಫೋನಿನ ಹಿಂದೆ ಹೋಗಿ ನೋಡಿದಳು, ಗೋಡೆ ಮೂಸಿದಳು, ಆಮೇಲೆ ಮುಂಬಾಗಿಲ ಬಳಿ ಹೋಗಿ ಕೂತುಬಿಟ್ಟಳು. ಹುಡುಗಿ ಹೊರಡುವ ತನಕ ಅಲ್ಲಿಂದ ಏಳಲಿಲ್ಲ. ಜಪಾನಿನ ಸಾಹೊ ತಾಕಾಗಿ ಅವರ 2021ರ ಪ್ರಯೋಗ ಆಮೇಲೆ ಓದಿದೆ: ಕಣ್ಣಿಗೆ ಕಾಣದಿದ್ದರೂ ದನಿಯಿಂದಲೇ ಯಜಮಾನರು ಎಲ್ಲಿದ್ದಾರೆಂದು ಬೆಕ್ಕು ಮನಸ್ಸಿನಲ್ಲಿ ಗುರುತು ಇಟ್ಟುಕೊಳ್ಳುತ್ತದೆ. ದನಿ ಇದ್ದು ಮನುಷ್ಯನಿಲ್ಲದ ಜಾಗದಲ್ಲಿ ಅದನ್ನು ಹುಡುಕಾಡಿಸುವುದು ನನಗೆ ಸರಿಕಾಣಲಿಲ್ಲ.

ಅಂಗಡಿಯಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಡಿಫ್ಯೂಸರ್ ಸಿಗುತ್ತದೆ; ಬೆಕ್ಕಿನ ಕೆನ್ನೆಯ ಗಂಧದ ನಕಲು. ಬೇಕಾದವರು ಹಾಕಿ, ಆದರೆ ಅದು ದಿನಕ್ಕೆ ಎರಡು ಸಲ ಬಂದು ಕೂರುವ ಮನುಷ್ಯರ ಬದಲಿಯಲ್ಲ. ಹಿತ್ತಿಲ ಕುಪ್ಪಿಗಿಡದ ಬೇರಿಗೂ ಬೆಕ್ಕು ಮನಸೋಲುತ್ತದೆ, ತಮಿಳಿನಲ್ಲಿ ಆ ಗಿಡಕ್ಕೆ ಪೂನೈವಣಂಗಿ, ಅಂದರೆ ಬೆಕ್ಕು ನಮಿಸುವ ಗಿಡ, ಎಂಬ ಹೆಸರೂ ಇದೆ. ಅದೆಲ್ಲ ಗಳಿಗೆಯ ಮತ್ತು. ಮನುಷ್ಯರ ಮಾತ್ರೆ ಮಾತ್ರ ಯಾವುದನ್ನೂ ಕೊಡಬೇಡಿ. ಒಂದೇ ಒಂದು ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯಬಲ್ಲದು.

ಬೀಗದ ಕೈ ಜೊತೆ ಪಶುವೈದ್ಯರ ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ. ಬೆಕ್ಕು ಒಂದು ಇಡೀ ದಿನ ಊಟ ಮುಟ್ಟದಿದ್ದರೆ ಫೋನ್ ಮಾಡಲು ಹೇಳಿ. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳಲು ಶುರುವಾಗುತ್ತದೆ, ದಪ್ಪ ಬೆಕ್ಕಿಗಂತೂ ಬಹಳ ಬೇಗ. ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ಟ್ರೇಯಲ್ಲಿ ಕೂತೂ ಉಚ್ಚೆ ಬರದಿದ್ದರೆ ನಾಳೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಒಯ್ಯಬೇಕು.